ಕೂತಲ್ಲಿಂದ ಏಳಲಾಗದ ಅಮ್ಮನಿಗೆ ಮನೆಯಲ್ಲೇ ಬಲ ತುಂಬುವ ವ್ಯಾಯಾಮ: ಎಲ್ಲಿಂದ ಶುರು ಮಾಡಲಿ?

ಕಿರಿಮಗಳು:
ಅಮ್ಮನಿಗೆ 82. ಎರಡು ತಿಂಗಳ ಹಿಂದೆ ಶ್ವಾಸಕೋಶದ ಸೋಂಕಾಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಸೋಂಕು ವಾಸಿಯಾಯಿತು. ಆದರೆ ಹೋಗುವಾಗ ನಡೆದುಕೊಂಡು ಹೋದವರು ಬರುವಾಗ ಗಾಲಿಕುರ್ಚಿಯಲ್ಲಿ ಬಂದರು. ಈಗ ವಾಕರ್ ಹಿಡಿದು ಬಚ್ಚಲಿನವರೆಗೆ ಹೋಗಿಬರುತ್ತಾರೆ. ನಡೆಯುವುದಕ್ಕಿಂತ ಏಳುವುದೇ ದೊಡ್ಡ ಕಷ್ಟ. ಕುರ್ಚಿಯ ಎರಡೂ ಕೈ ಹಿಡಿದು ಒತ್ತುತ್ತಾರೆ, ಬೆರಳ ಗೆಣ್ಣು ಬೆಳ್ಳಗಾಗುತ್ತದೆ, ಮೈ ನಾಲ್ಕು ಬೆರಳಷ್ಟು ಮೇಲೇಳುತ್ತದೆ, ತೊಡೆ ನಡುಗಲು ಶುರುವಾಗುತ್ತದೆ, ಮತ್ತೆ ದೊಪ್ಪನೆ ಕೂತುಬಿಡುತ್ತಾರೆ. ಆಮೇಲೆ ನನ್ನ ಕಡೆ ನೋಡುತ್ತಾರೆ. ನಾನು ಕಂಕುಳಿಗೆ ಕೈ ಕೊಟ್ಟು ಎತ್ತುತ್ತೇನೆ. ದಿನಕ್ಕೆ ಹತ್ತು ಹನ್ನೆರಡು ಸಲ ಹೀಗೇ.

ಒಂದು ವರ್ಷದಲ್ಲಿ ತೂಕವೂ 51 ಕಿಲೋದಿಂದ 46ಕ್ಕೆ ಇಳಿದಿದೆ. ಅಣ್ಣ "ಈ ವಯಸ್ಸಲ್ಲಿ ಇನ್ನೇನು ವ್ಯಾಯಾಮ, ಆರಾಮಾಗಿ ಇರಲಿ ಬಿಡು" ಅನ್ನುತ್ತಾನೆ. ಡಾಕ್ಟರು "ಸ್ವಲ್ಪ ಓಡಾಡಿಸಿ" ಎಂದಷ್ಟೇ ಹೇಳಿದರು. ಯಾವುದೋ ವಿಡಿಯೋ ನೋಡಿ ಮೂರು ವಾರ ಕೂತಲ್ಲೇ ಕೈ ಬೀಸುವುದು, ಕಾಲು ಅಲ್ಲಾಡಿಸುವುದು ಮಾಡಿಸಿದೆ. ಒಂದಿಷ್ಟೂ ಬದಲಾಗಲಿಲ್ಲ. ಇಂಥವರಿಗೆ ಮತ್ತೆ ಬಲ ಬರುವುದು ಸಾಧ್ಯವೇ? ಅನುಭವ ಇದ್ದವರು ದಯವಿಟ್ಟು ಹೇಳಿ.

ಮನೆಭೇಟಿ ಫಿಸಿಯೋ:
ಸಾಧ್ಯ. ಹದಿನಾರು ವರ್ಷದಿಂದ ವಯಸ್ಸಾದವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುತ್ತಿದ್ದೇನೆ, ಆ ಧೈರ್ಯದಿಂದ ಹೇಳುತ್ತಿದ್ದೇನೆ.

ಮೊದಲು ನಿಮ್ಮ ಅಣ್ಣನ ಮಾತಿಗೆ. 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿದ್ದ ಹತ್ತು ಜನಕ್ಕೆ ಎಂಟು ವಾರ ಭಾರ ಎತ್ತಿಸಿದರು. ಸರಾಸರಿ ವಯಸ್ಸು 90. ಆಟಿಕೆಯಂಥ ಭಾರ ಕೊಡಲಿಲ್ಲ. ಒಬ್ಬೊಬ್ಬರೂ ಒಂದು ಸಲಕ್ಕೆ ಎತ್ತಬಲ್ಲ ಗರಿಷ್ಠ ಭಾರದ ಶೇ. 80ರಷ್ಟು, ವಾರಕ್ಕೆ ಮೂರು ದಿನ. ತೊಡೆಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು, ಅಂದರೆ ಮೊದಲಿದ್ದುದರ ಎರಡೂವರೆ ಪಟ್ಟಿಗೂ ಮೇಲೆ. 1994ರಲ್ಲಿ ಅದೇ ತಂಡ ಸರಾಸರಿ 87 ವರ್ಷದ ನೂರು ಜನರ ಮೇಲೆ ಹತ್ತು ವಾರ ನಡೆಸಿದಾಗ ವ್ಯಾಯಾಮ ಮಾಡಿದವರ ಬಲ ಶೇ. 113 ಹೆಚ್ಚಿತು, ನಡಿಗೆಯ ವೇಗ, ಮೆಟ್ಟಿಲು ಹತ್ತುವ ಶಕ್ತಿ ಎರಡೂ ಸುಧಾರಿಸಿದವು. ವ್ಯಾಯಾಮವಿಲ್ಲದೆ ಪೌಷ್ಟಿಕ ಪಾನೀಯ ಮಾತ್ರ ಕುಡಿದವರಿಗೆ ಬಲ ಹೆಚ್ಚಲಿಲ್ಲ. ಸ್ನಾಯುವಿಗೆ ವಯಸ್ಸಾಗುತ್ತದೆ ನಿಜ, ಆದರೆ ಭಾರ ಬಿದ್ದರೆ ಬಲಿಯುವ ಗುಣ ಅದಕ್ಕೆ ತೊಂಬತ್ತರಲ್ಲೂ ಇರುತ್ತದೆ.

ಈಗ ನಿಮ್ಮ ಮೂರು ವಾರದ ಶ್ರಮದ ವಿಷಯ. ಕೈ ಬೀಸಿದರೆ, ಕಾಲು ಅಲ್ಲಾಡಿಸಿದರೆ ಕೀಲು ಸಡಿಲಾಗುತ್ತದೆ, ರಕ್ತ ಓಡಾಡುತ್ತದೆ. ಬಲ ಬರುವುದಿಲ್ಲ. ಇಪ್ಪತ್ತೈದು ಸಲ ಆರಾಮಾಗಿ ಮಾಡಬಲ್ಲದ್ದು ಯಾವುದೂ ಬಲದ ವ್ಯಾಯಾಮವಲ್ಲ. ಎಂಟು ಹತ್ತು ಸಲ ಮಾಡುವಷ್ಟರಲ್ಲಿ "ಇನ್ನು ಎರಡು ಆದೀತು, ಅದಕ್ಕಿಂತ ಆಗದು" ಅನ್ನಿಸಬೇಕು. ಮನೆಗಳಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಇದೇ. ವಯಸ್ಸಾದವರು ಎಂಬ ಮರುಕದಿಂದ ಎಷ್ಟು ಹಗುರ ಮಾಡುತ್ತೇವೆಂದರೆ ಸ್ನಾಯುವಿಗೆ ಕೆಲಸ ಬಿದ್ದದ್ದೇ ತಿಳಿಯುವುದಿಲ್ಲ.

ನಿಮ್ಮ ಅಮ್ಮನಿಗೆ ಬೇಕಾದ ವ್ಯಾಯಾಮ ಅವರ ಕುರ್ಚಿಯಲ್ಲೇ ಇದೆ. ಏಳುವುದೇ ವ್ಯಾಯಾಮ. ಈಗ ಅವರಿಗೆ ಆ ಕುರ್ಚಿ ತಗ್ಗಾಯಿತು, ಅಷ್ಟೇ. ಎತ್ತರಿಸಿ. ಗಾಲಿಯಿಲ್ಲದ, ಕೈ ಇರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಮೆತ್ತನೆ ದಿಂಬು ಬೇಡ, ಅದರಲ್ಲಿ ಹುದುಗಿಹೋಗುತ್ತಾರೆ. ದಪ್ಪ ಕಂಬಳಿಗಳನ್ನು ಬಿಗಿಯಾಗಿ ಮಡಿಸಿ, ಜಾರದಂತೆ ಕುರ್ಚಿಗೆ ಕಟ್ಟಿ, ಒಂದರ ಮೇಲೊಂದು ಹಾಕುತ್ತಾ ಹೋಗಿ. ಕುರ್ಚಿಯ ಕೈಗೆ ಸ್ವಲ್ಪ ಮಾತ್ರ ಒತ್ತು ಕೊಟ್ಟು, ನಿಮ್ಮ ಸಹಾಯವಿಲ್ಲದೆ, ಕಷ್ಟಪಟ್ಟು ಐದು ಸಲ ಏಳಲು ಆಗುವ ಎತ್ತರ ಸಿಕ್ಕಾಗ ನಿಲ್ಲಿಸಿ. ಪಾದ ನೆಲಕ್ಕೆ ಪೂರ್ತಿ ಊರಿರಬೇಕು. ಅದು ಅವರ ಮೊದಲ ಮೆಟ್ಟಿಲು.

ಏಳುವ ಕ್ರಮ: ಮುಂದೆ ಸರಿದು ಕುರ್ಚಿಯ ಅಂಚಿಗೆ ಬರಬೇಕು. ಪಾದಗಳನ್ನು ಹಿಂದಕ್ಕೆ ಎಳೆದು ಮಂಡಿಗಿಂತ ತುಸು ಒಳಗೆ ಊರಬೇಕು. ಮೂಗು ಕಾಲ್ಬೆರಳಿನ ನೇರಕ್ಕೆ ಬರುವ ತನಕ ಸೊಂಟದಿಂದ ಮುಂದೆ ಬಾಗಬೇಕು, ಬೆನ್ನು ಗೂನಾಗಬಾರದು. ಆಮೇಲೆ ನೆಲವನ್ನು ತುಳಿದು ಏಳಬೇಕು, ಏಳುವಾಗ ಉಸಿರು ಬಿಡಬೇಕು. ಹೆಚ್ಚಿನವರು ಸೋಲುವುದು ಬಾಗದೆ ನೇರ ಮೇಲಕ್ಕೆ ಏಳಲು ಹೋಗಿ. ಕೂರುವಾಗ ನಾಲ್ಕು ಎಣಿಸುತ್ತಾ ನಿಧಾನಕ್ಕೆ. ಆ ನಿಧಾನದಲ್ಲೇ ಅರ್ಧ ಬಲ ಬರುತ್ತದೆ, ದಯವಿಟ್ಟು ಅದನ್ನು ಬಿಡಬೇಡಿ. ದಿನ ಬಿಟ್ಟು ದಿನ, ಒಂದು ಸುತ್ತಿಗೆ ಐದು. ಎಂಟು ಸಲೀಸಾದಾಗ ಎರಡನೇ ಸುತ್ತು ಸೇರಿಸಿ, ಎರಡೂ ಸುತ್ತು ಎಂಟಾದಾಗ ಒಂದು ಕಂಬಳಿ ತೆಗೆಯಿರಿ.

ಶುರು ಮಾಡುವ ಮೊದಲು ಡಾಕ್ಟರ ಒಪ್ಪಿಗೆ ಬೇಕು. ಆಗುವುದಾದರೆ ಮೊದಲೆರಡು ಸಲ ಯಾರಾದರೂ ಫಿಸಿಯೋ ಬಂದು ನೋಡಲಿ.

ಎಂಬತ್ತರ ಹೊಸ್ತಿಲಲ್ಲಿ:
ನನಗೆ 79. ಎರಡು ವರ್ಷದ ಹಿಂದೆ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ತಂಗೀ, ನಿನ್ನ ಅಮ್ಮನ ಜಾಗದಲ್ಲಿ ಕೂತವನಾಗಿ ಒಂದು ಮಾತು ಹೇಳುತ್ತೇನೆ.

ನನ್ನ ಮಗ ಬಹಳ ಒಳ್ಳೆಯವನು. ನಾನು ಕುರ್ಚಿಯ ಕೈ ಮುಟ್ಟಿದರೆ ಸಾಕು, ಇನ್ನೊಂದು ಕೋಣೆಯಿಂದ ಓಡಿಬಂದು ಎತ್ತುತ್ತಿದ್ದ. ಪ್ರೀತಿಯಿಂದಲೇ ಎತ್ತುತ್ತಿದ್ದ. ಆರು ತಿಂಗಳಾಗುವ ಹೊತ್ತಿಗೆ ನಾನು ಪ್ರಯತ್ನ ಪಡುವುದನ್ನೇ ಬಿಟ್ಟಿದ್ದೆ. ಕೈ ಚಾಚಿ ಕಾಯುತ್ತಿದ್ದೆ. ಮೊದಲು ಹೋದದ್ದು ಕಾಲಿನ ಬಲವೋ ಮನಸ್ಸಿನದೋ ಎಂದು ಕೇಳಿದರೆ ಹೇಳಲಾರೆ, ಎರಡೂ ಒಟ್ಟಿಗೇ ಹೋದವು. ಮನೆಗೆ ಬರುತ್ತಿದ್ದ ಫಿಸಿಯೋ ಹುಡುಗಿ ಮಗನಿಗೆ ಒಂದೇ ನಿಯಮ ಹಾಕಿದಳು: ಅಪ್ಪ ಏಳಲು ಹೊರಟಾಗ ಪಕ್ಕಕ್ಕೆ ಬನ್ನಿ, ಮನಸ್ಸಿನಲ್ಲಿ ಹತ್ತು ಎಣಿಸಿ, ಆಮೇಲೆ ಕೈ ಕೊಡಿ. ಆ ಹತ್ತು ಸೆಕೆಂಡಿನಲ್ಲಿ ನಾನು ಏಳುವುದನ್ನು ಮತ್ತೆ ಕಲಿತೆ. ಮೊದಲ ವಾರ ಹತ್ತಕ್ಕೂ ಆಗಲಿಲ್ಲ. ಮೂರನೇ ವಾರ ಎಂಟಕ್ಕೆ ಎದ್ದು ನಿಂತಿದ್ದೆ. ಮಗ ಮುಖ ತಿರುಗಿಸಿಕೊಂಡು ಕಣ್ಣು ಒರೆಸಿಕೊಂಡದ್ದು ನನಗೆ ಗೊತ್ತಾಯಿತು.

ಸಂಜೆ ನಡಿಗೆ:
ಇಷ್ಟೆಲ್ಲ ಯಾಕೆ? ದಿನಾ ಮನೆಯೊಳಗೇ ಇಪ್ಪತ್ತು ನಿಮಿಷ ನಡೆಸಿದರೆ ಸಾಲದೇ? ನಮ್ಮ ತಂದೆಗೆ ನಡಿಗೆಯೊಂದೇ ಮಾಡಿಸಿದ್ದು, ಕೊನೆಯವರೆಗೂ ಓಡಾಡಿಕೊಂಡಿದ್ದರು. ಇಂಥ ಮೂಳೆ ಸವೆದವರಿಗೆ ಭಾರ ಕೊಡುವುದು ನನಗೇನೋ ಅಪಾಯ ಅನ್ನಿಸುತ್ತದೆ.

ಮನೆಭೇಟಿ ಫಿಸಿಯೋ:
ನಿಮ್ಮ ತಂದೆ ಕೂತಲ್ಲಿಂದ ತಾವೇ ಏಳುತ್ತಿದ್ದರು ಅನ್ನಿಸುತ್ತದೆ. ಏಳಬಲ್ಲವರಿಗೆ ನಡಿಗೆ ತುಂಬಾ ಒಳ್ಳೆಯದು, ಹೃದಯಕ್ಕೂ ಮನಸ್ಸಿಗೂ. ಆದರೆ ಮಟ್ಟಸ ನೆಲದ ಮೇಲೆ ವಾಕರ್ ಹಿಡಿದು ನಡೆಯುವಾಗ ತೊಡೆಯ ಸ್ನಾಯುವಿಗೆ ಬೀಳುವ ಭಾರ ಕಡಿಮೆ, ಏಳುವಾಗ ಬೀಳುವುದು ಎಷ್ಟೋ ಹೆಚ್ಚು. ನಡೆದು ನಡೆದು ಏಳುವ ಬಲ ಬರುವುದಿಲ್ಲ. ಬೀಳುವುದನ್ನು ತಡೆಯಲೂ ನಡಿಗೆಯೊಂದೇ ಸಾಲದು. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು ಮನೆಯಲ್ಲಿರುವ ವೃದ್ಧರಿಗೆಂದೇ 1990ರ ದಶಕದಲ್ಲಿ ಒಂದು ಕ್ರಮ ರೂಪಿಸಿದರು. ಕಣಕಾಲಿಗೆ ಕಟ್ಟುವ ಭಾರ, ಸಮತೋಲನದ ಅಭ್ಯಾಸ, ಇವೆರಡು ವಾರಕ್ಕೆ ಮೂರು ದಿನ, ಜೊತೆಗೆ ನಡಿಗೆ. 65ರಿಂದ 97 ವರ್ಷದ ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಒಟ್ಟುಗೂಡಿಸಿ ನೋಡಿದಾಗ ಬೀಳುವುದು ಶೇ. 35ರಷ್ಟು ಕಡಿಮೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ 65 ದಾಟಿದವರಿಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ, ಮೂರು ದಿನ ಸಮತೋಲನ ಮತ್ತು ಬಲ ಎರಡೂ ಬೆರೆತ ಚಟುವಟಿಕೆ ಇರಲಿ ಎನ್ನುತ್ತದೆ.

ಮೂಳೆ ಸವೆದವರ ಬಗ್ಗೆ ನಿಮ್ಮ ಕಾಳಜಿ ಸರಿಯೇ. ಅವರಿಗೆ ಬೇಡದ್ದು ಬೆನ್ನು ಗೂನು ಮಾಡಿ ಪೂರ್ತಿ ಬಾಗುವುದು, ಬಾಗಿದಂತೆಯೇ ಸೊಂಟ ತಿರುಚುವುದು, ನೆಲದಿಂದ ಭಾರ ಸೆಳೆದೆತ್ತುವುದು. ಬೆನ್ನು ನೇರವಿಟ್ಟು ಕುರ್ಚಿಯಿಂದ ಏಳುವುದು ಈ ಪಟ್ಟಿಯಲ್ಲಿಲ್ಲ. ಮೂಳೆಗೂ ಭಾರ ಬೇಕು. ಮತ್ತೆ, ಮೂಳೆ ಮುರಿಯುವುದು ಬಹುಪಾಲು ಬಿದ್ದಾಗ.

ನಿವೃತ್ತ ನರ್ಸ್:
ವರ್ಷಕ್ಕೆ ಐದು ಕಿಲೋ ಇಳಿದಿದೆ ಎಂದಿರಲ್ಲ, ಅದು ನನ್ನ ಕಣ್ಣಿಗೆ ಬಿತ್ತು. ಬೇಕೆಂದು ಇಳಿಸದ ತೂಕ, ಸದಾ ಸುಸ್ತು, ಕೈಹಿಡಿತದ ಬಲ ಕುಗ್ಗಿರುವುದು, ನಿಧಾನ ನಡಿಗೆ, ಚಟುವಟಿಕೆ ಇಲ್ಲದಿರುವುದು. ಈ ಐದರಲ್ಲಿ ಮೂರು ಇದ್ದರೆ ವೈದ್ಯರು ಅದನ್ನು ದುರ್ಬಲ ಸ್ಥಿತಿ ಎಂದು ಗುರುತಿಸುತ್ತಾರೆ. 2001ರಿಂದ ಬಳಕೆಯಲ್ಲಿರುವ ಅಳತೆ ಇದು. ನಿಮ್ಮ ಅಮ್ಮನಿಗೆ ಮೂರಾದರೂ ಇರುವಂತೆ ಕಾಣುತ್ತದೆ. ತೂಕ ಯಾಕೆ ಇಳಿಯಿತು ಎಂದು ವ್ಯಾಯಾಮದ ಜೊತೆಗೇ ಪತ್ತೆ ಮಾಡಿಸಿ. ಥೈರಾಯ್ಡ್, ಸಕ್ಕರೆ, ಹಲ್ಲುಸೆಟ್ಟು ಸಡಿಲವಾಗಿ ಅಗಿಯಲಾಗದಿರುವುದು, ಮನಸ್ಸು ಕುಗ್ಗಿ ಹಸಿವೇ ಸತ್ತಿರುವುದು, ಏನೂ ಇರಬಹುದು.

ಒಂಬತ್ತು ದಿನ ಮಲಗಿದ್ದಕ್ಕೇ ಇಷ್ಟಾಯಿತೇ ಎಂದು ನಿಮಗೆ ಅನ್ನಿಸಿರಬಹುದು. ಆಗುತ್ತದೆ. ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿರಿಸಿ ನೋಡಿದ 2007ರ ಅಧ್ಯಯನದಲ್ಲಿ ಕಾಲುಗಳಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಕರಗಿತ್ತು, ಕೊಬ್ಬಲ್ಲ, ಮಾಂಸಖಂಡ. ಜೊತೆಗೆ ಕಾಯಿಲೆಯೂ ಇದ್ದರೆ ಇನ್ನೂ ವೇಗ. ನಾನು ವಾರ್ಡಿನಲ್ಲಿದ್ದ ಕಾಲದಲ್ಲಿ ಬೀಳಬಾರದು ಎಂದು ಎಷ್ಟೋ ಜನರನ್ನು ಹಾಸಿಗೆ ಬಿಟ್ಟು ಇಳಿಯಲು ಬಿಡುತ್ತಿರಲಿಲ್ಲ. ಮನೆಗೆ ಹೋದಮೇಲೆ ಅವರ ಗತಿ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಸಂಕಟವಾಗುತ್ತದೆ.

ಪ್ರೋಟೀನ್: ವಯಸ್ಸಾದವರಿಗೆ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ, ಕಾಯಿಲೆಯಿಂದ ಎದ್ದವರಿಗೆ 1.5ರವರೆಗೂ ಹೇಳುತ್ತಾರೆ. 46 ಕಿಲೋಗೆ ಸುಮಾರು 55 ಗ್ರಾಂ ಎಂದಿಟ್ಟುಕೊಳ್ಳಿ. ಒಂದೇ ಹೊತ್ತಿಗೆ ಬೇಡ, ಮೂರು ಹೊತ್ತಿಗೂ ಹಂಚಿ. ಮೂತ್ರಪಿಂಡದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಹೆಚ್ಚಿಸಬೇಡಿ.

ಇನ್ನೊಂದು, ಎದ್ದ ತಕ್ಷಣ ಕಣ್ಣು ಕತ್ತಲೆ ಬರುತ್ತದೆಯೇ ನೋಡಿ. ಮಲಗಿದ್ದಾಗ ಒಮ್ಮೆ ಬಿಪಿ ನೋಡಿ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ತಿಳಿಸಿ. ಬಿಪಿ ಮಾತ್ರೆ, ನಿದ್ದೆ ಮಾತ್ರೆಗಳ ಪ್ರಮಾಣ ಬದಲಿಸಬೇಕಾಗಬಹುದು. ಇದು ಸರಿಯಾಗದೆ ಎಷ್ಟು ವ್ಯಾಯಾಮ ಮಾಡಿಸಿದರೂ ಬೀಳುವ ಭಯ ಹೋಗದು.

ಕಿರಿಮಗಳು:
ಎಲ್ಲರಿಗೂ ಕೈಮುಗಿಯುತ್ತೇನೆ. ಹತ್ತು ಎಣಿಸುವ ಮಾತು ಓದಿ ಅತ್ತುಬಿಟ್ಟೆ. ನಾನೂ ಅದನ್ನೇ ಮಾಡುತ್ತಿದ್ದೆ. ಬಿಪಿ ನೋಡಿದೆವು, ನಿಂತಾಗ ಮೇಲಿನದು 24 ಇಳಿಯಿತು. ಡಾಕ್ಟರು ಒಂದು ಮಾತ್ರೆ ಕಡಿಮೆ ಮಾಡಿದ್ದಾರೆ, ವ್ಯಾಯಾಮಕ್ಕೂ ಒಪ್ಪಿದ್ದಾರೆ. ನಾಲ್ಕು ಕಂಬಳಿ ಹಾಕಿದಮೇಲೆ ಅಮ್ಮ ತಾವಾಗೇ ಎದ್ದರು. ಐದು ಸಲ. ಐದನೆಯದಕ್ಕೆ ಏದುಸಿರು ಬಂತು, ತುಟಿ ಬಿಗಿಹಿಡಿದಿದ್ದರು. ಹೀಗಾದರೆ ಪರವಾಗಿಲ್ಲವೇ? ಎಲ್ಲಿಗೆ ನಿಲ್ಲಿಸಬೇಕು?

ಮನೆಭೇಟಿ ಫಿಸಿಯೋ:
ಏದುಸಿರು ಪರವಾಗಿಲ್ಲ, ಒಂದೆರಡು ನಿಮಿಷದಲ್ಲಿ ಹತೋಟಿಗೆ ಬರಬೇಕು. ತುಟಿ ಬಿಗಿಹಿಡಿದರೆ ಉಸಿರೂ ಬಿಗಿಹಿಡಿದಿದ್ದಾರೆ ಎಂದರ್ಥ. ಅದು ಬೇಡ, ಬಿಪಿ ಒಮ್ಮೆಲೇ ಏರುತ್ತದೆ. ಏಳುತ್ತಾ ಎಣಿಕೆಯನ್ನು ಜೋರಾಗಿ ಅವರ ಬಾಯಲ್ಲೇ ಹೇಳಿಸಿ. ಮಾತಾಡುವವರು ಉಸಿರು ಕಟ್ಟಲಾರರು.

ಎದೆನೋವು, ಎದೆ ಬಿಗಿತ, ತಲೆ ತಿರುಗು, ತಣ್ಣನೆ ಬೆವರು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಜ್ವರ ಇದ್ದ ದಿನ ಬೇಡ. ಮರುದಿನ ತೊಡೆ ಹಿಡಿದುಕೊಂಡಂತಾಗುವುದು ಸಹಜ. ಆದರೆ ಮಂಡಿಯ ಕೀಲಿನ ನೋವು ಮೊದಲಿಗಿಂತ ಹೆಚ್ಚಾಗಿ ಮರುದಿನವೂ ಉಳಿದರೆ ಒಂದು ಕಂಬಳಿ ಮತ್ತೆ ಹಾಕಿ. ವ್ಯಾಯಾಮ ನಿಲ್ಲಿಸಬೇಡಿ, ಹಗುರ ಮಾಡಿ.

ಎರಡನೇ ವಾರದಿಂದ ಇನ್ನೂ ಎರಡು ಸೇರಿಸೋಣ. ಒಂದು, ಅಲ್ಲಾಡದ ಮೇಜನ್ನು ಎರಡೂ ಕೈಯಲ್ಲಿ ಹಿಡಿದು ಹಿಮ್ಮಡಿ ಎತ್ತಿ ಮುಂಗಾಲ ಮೇಲೆ ನಿಲ್ಲುವುದು, ನಿಧಾನ ಇಳಿಯುವುದು. ಹಿಂದೆ ಕುರ್ಚಿ ಇರಲಿ, ಪಕ್ಕದಲ್ಲಿ ನೀವಿರಿ. ಇನ್ನೊಂದು, ಕೂತು ಮಂಡಿ ನೇರ ಮಾಡುವುದು, ಕಣಕಾಲಿಗೆ ಅರ್ಧ ಕಿಲೋ ಕಟ್ಟಿ. ಇಷ್ಟು ಸಾಕು. ಹದಿನೈದು ವ್ಯಾಯಾಮದ ಪಟ್ಟಿ ಗೋಡೆಗೆ ಅಂಟಿಸಿದ ಮನೆಗಳಲ್ಲಿ ತಿಂಗಳಾಗುವ ಮುಂಚೆ ಎಲ್ಲವೂ ನಿಂತುಹೋದದ್ದನ್ನು ನೋಡಿದ್ದೇನೆ.

ಮರೆವಿನ ಮಾವ:
ಮಾವನವರಿಗೆ 84, ಮರೆವಿನ ಕಾಯಿಲೆ. ಹೇಳಿದ್ದು ಅರ್ಥವಾಗುವುದಿಲ್ಲ, ಎರಡನೇ ಸಲಕ್ಕೇ ಸಿಟ್ಟಾಗುತ್ತಾರೆ. ಇಂಥವರಿಗೂ ಆಗುತ್ತದೆಯೇ?

ಮನೆಭೇಟಿ ಫಿಸಿಯೋ:
ಆಗುತ್ತದೆ. ಮಾತು ಕಡಿಮೆ ಮಾಡಿ ಮೇಡಂ. ಎದುರು ಕುರ್ಚಿ ಹಾಕಿಕೊಂಡು ನೀವೂ ಕೂತು ಏಳಿ, ಅವರು ನೋಡಿ ಮಾಡುತ್ತಾರೆ. ಅದೇ ಕುರ್ಚಿ, ಅದೇ ಹೊತ್ತು. ಎಣಿಸಿ ಮಾಡಿಸುವ ಬದಲು ಏಳುವುದಕ್ಕೆ ಕಾರಣ ಕೊಡಿ: ಕೈಯಿಂದ ಲೋಟ ತೆಗೆದುಕೊಳ್ಳಲು ಒಮ್ಮೆ, ಪರದೆ ಸರಿಸಲು ಒಮ್ಮೆ. ದಿನಕ್ಕೆ ಎಂಟು ಕಾರಣ ಸಿಕ್ಕರೆ ಎಂಟು ಸಲ ಎದ್ದಂತಾಯಿತು.

ಮರೆವಿನ ಮಾವ:
ಪರದೆ ಸರಿಸಲು ಎದ್ದರು! ಬಟ್ಟೆ ಮಡಚಲು ಕೊಟ್ಟರೂ ಏಳುತ್ತಾರೆ. ವ್ಯಾಯಾಮ ಅಂದರೆ ಮಾತ್ರ ಬೇಡವಂತೆ. ಇನ್ನು ಆ ಪದವನ್ನೇ ಎತ್ತುವುದಿಲ್ಲ.

ಕಿರಿಮಗಳು (ಮೂರು ವಾರದ ನಂತರ):
ನಾಲ್ಕರಿಂದ ಮೂರು ಕಂಬಳಿಗೆ ಇಳಿದಿದ್ದೇವೆ. ಕ್ಯಾಲೆಂಡರಿನಲ್ಲಿ ಅಮ್ಮನೇ ಪೆನ್ಸಿಲಿನಿಂದ ಸಂಖ್ಯೆ ಬರೆಯುತ್ತಾರೆ, 5, 5, 6, 7, 6, 8. ಆರಕ್ಕೆ ಇಳಿದ ದಿನ ಬೇಜಾರು ಮಾಡಿಕೊಂಡು ಸಂಜೆ ಇನ್ನೊಮ್ಮೆ ಮಾಡುತ್ತೇನೆಂದು ಹಟ ಹಿಡಿದರು, ನಾನು ಬಿಡಲಿಲ್ಲ. ಆದರೆ ಮೂರೇ ವಾರದಲ್ಲಿ ಮಾಂಸ ಬೆಳೆದಿರುತ್ತದೆಯೇ? ತೊಡೆ ನೋಡಿದರೆ ಅಷ್ಟೇ ಸಣ್ಣ ಇದೆ.

ಮನೆಭೇಟಿ ಫಿಸಿಯೋ:
ಸಂಜೆ ಬಿಡದಿದ್ದದ್ದು ಸರಿ, ಸ್ನಾಯುವಿಗೆ ನಡುವೆ ಒಂದು ದಿನ ಬಿಡುವು ಬೇಕು. ಮೊದಲ ಕೆಲವು ವಾರ ಹೆಚ್ಚುವ ಬಲ ಬಹುಪಾಲು ನರಗಳದ್ದು. ಮಲಗಿದ್ದ ಸ್ನಾಯುತಂತುಗಳನ್ನು ಮಿದುಳು ಮತ್ತೆ ಕೆಲಸಕ್ಕೆ ಕರೆಯಲು ಕಲಿಯುತ್ತಿದೆ. ಮಾಂಸಖಂಡ ದಪ್ಪವಾಗುವುದು ಆಮೇಲೆ, ನಿಧಾನಕ್ಕೆ. ಟೇಪು ಹಿಡಿದು ತೊಡೆ ಅಳೆಯಬೇಡಿ. ತಿಂಗಳಿಗೊಮ್ಮೆ ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡು ಬೇಕಾಯಿತು ಎಂದು ಬರೆದಿಡಿ. ಎದೆಯ ಮೇಲೆ ಕೈಕಟ್ಟಿ, ಮಾಮೂಲಿ ಎತ್ತರದ ಕುರ್ಚಿಯಿಂದ ಅದಕ್ಕೆ 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕಡಿಮೆ ಎಂದು ಲೆಕ್ಕ. ಅಮ್ಮ ಅಲ್ಲಿಗೆ ಬರಲು ಕಾಲ ಹಿಡಿಯುತ್ತದೆ, ಸದ್ಯ ಕೈ ಊರಿಯೇ ಅಳೆಯಿರಿ. ಅವರಿಗೆ ಅವರೇ ಹೋಲಿಕೆ.

ಆರನೇ ವಾರದಿಂದ ಒಂದು ಬದಲಾವಣೆ. ಕೂರುವುದು ನಿಧಾನವೇ ಇರಲಿ, ಏಳುವುದನ್ನು ಆದಷ್ಟು ಚುರುಕಾಗಿ ಮಾಡಿಸಿ. ವಯಸ್ಸಾದಂತೆ ಮೊದಲು ಸೊರಗುವುದು ಚುರುಕಾಗಿ ಕುಗ್ಗುವ ತಂತುಗಳು. ಎಡವಿದಾಗ ತಟ್ಟನೆ ಕಾಲು ಮುಂದಿಟ್ಟು ಸಾವರಿಸಿಕೊಳ್ಳಲು ಬೇಕಾಗುವುದು ಅವೇ.

ಎಂಬತ್ತರ ಹೊಸ್ತಿಲಲ್ಲಿ:
ಕ್ಯಾಲೆಂಡರಿನಲ್ಲಿ ಅಮ್ಮನೇ ಬರೆಯುತ್ತಾರೆ ಎಂದು ಓದಿ ತುಂಬಾ ಸಂತೋಷವಾಯಿತು ತಂಗೀ. ಪೆನ್ಸಿಲು ಅವರ ಕೈಯಲ್ಲೇ ಇರಲಿ.

ಕಿರಿಮಗಳು (ಹನ್ನೊಂದು ವಾರದ ನಂತರ):
ಹತ್ತನೇ ವಾರಕ್ಕೆ ಕಂಬಳಿಗಳೆಲ್ಲ ಹೋಗಿದ್ದವು. ಬರಿಯ ಕುರ್ಚಿಯಿಂದ, ಒಂದು ಕೈ ಮಾತ್ರ ಊರಿ, ಎಂಟು ಸಲ. ತೂಕ 47.5. ರಾತ್ರಿ ಬಚ್ಚಲಿಗೆ ಹೋಗಲು ನನ್ನನ್ನು ಎಬ್ಬಿಸುವುದಿಲ್ಲ. ದೀಪದ ಸ್ವಿಚ್ಚಿನ ಸದ್ದಿಗೆ ನನಗೇ ಎಚ್ಚರವಾಗುತ್ತದೆ, ಮಲಗಿದಲ್ಲೇ ಹತ್ತು ಎಣಿಸುತ್ತೇನೆ. ಅಣ್ಣ ಹೋದ ತಿಂಗಳು ಬಂದಿದ್ದಾಗ ಅಮ್ಮ ಎದ್ದು ಬಾಗಿಲವರೆಗೆ ಹೋಗಿ ಕಳಿಸಿಕೊಟ್ಟರು. ಮರುದಿನವೇ ಅವನು ಫೋನ್ ಮಾಡಿ, ಕಣಕಾಲಿಗೆ ಕಟ್ಟುವ ಒಂದು ಕಿಲೋದ ಭಾರ ಕಳಿಸಲೇ ಎಂದು ಕೇಳಿದ.

ಆದರೆ ಈ ವಾರ ನಾಲ್ಕು ದಿನ ಜ್ವರ ಬಂತು. ಮಲಗಿಯೇ ಇದ್ದರು. ನಿನ್ನೆ ಬರಿಯ ಕುರ್ಚಿಯಿಂದ ಎರಡು ಸಲವೂ ಏಳಲಾಗಲಿಲ್ಲ, ತೊಡೆ ಮೊದಲಿನ ಹಾಗೆಯೇ ನಡುಗಿತು. ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಾರೆ. ಎಲ್ಲ ಮೊದಲಿಂದ ಶುರು ಮಾಡಬೇಕೇ?

ಮನೆಭೇಟಿ ಫಿಸಿಯೋ:
ಬೇಡ. ಜ್ವರ ಪೂರ್ತಿ ಬಿಟ್ಟು ಎರಡು ದಿನ ಆಗಿದೆಯೇ ನೋಡಿಕೊಳ್ಳಿ. ಆಗಿದ್ದರೆ ಎರಡು ಕಂಬಳಿ ಹಾಕಿ, ಒಂದು ಸುತ್ತು, ಐದು ಸಲ. ನರಗಳಿಗೆ ದಾರಿ ಗೊತ್ತಾಗಿದೆ, ಈ ಸಲ ಮರಳುವುದು ಬೇಗ ಆಗುತ್ತದೆ. ಮುಂದೆ ಯಾವಾಗ ಹುಷಾರು ತಪ್ಪಿದರೂ ಡಾಕ್ಟರು ಬೇಡ ಎನ್ನದ ಹೊರತು ಊಟದ ಹೊತ್ತಿಗಾದರೂ ಹಾಸಿಗೆಯಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ.

ಕಿರಿಮಗಳು:
ಇವತ್ತು ಬೆಳಿಗ್ಗೆ ಎರಡು ಕಂಬಳಿ ಕಟ್ಟಿದೆವು. ಅಮ್ಮ ಐದು ಎದ್ದರು, ಆರನೆಯದಕ್ಕೆ ತಾವೇ ಹೊರಟರು, ಸಾಕೆಂದೆ. ಕ್ಯಾಲೆಂಡರಿನಲ್ಲಿ 5 ಎಂದು ಬರೆದು ಪಕ್ಕದಲ್ಲಿ ಸಣ್ಣಗೆ ಎರಡು ಗೆರೆ ಎಳೆದಿದ್ದಾರೆ, ಕಂಬಳಿಯ ಲೆಕ್ಕವಂತೆ.